ಗುದ್ದಿದ ಕಾರನ್ನು ಎತ್ತಿಸುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಬಂದಿದೆ. ಅಪಘಾತ ಆದ ಮೇಲೆ ಕಾರನ್ನು ಅಲ್ಲಿಂದ ಗ್ಯಾರೇಜಿಗೆ ಸಾಗಿಸೋದು ಹೇಗೆ ಅಂತ. ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ಉದ್ಘಾಟನೆ ಆದ ಮೇಲೆ ನಮ್ಮ ಭಾಗದಲ್ಲಿ ಓಡಾಟವೂ ಜಾಸ್ತಿ, ವೇಗವೂ ಜಾಸ್ತಿ. ಹಾಗಾಗಿ ಈ ಪ್ರಶ್ನೆ ಬರುವುದು ಸಹಜವೇ. ಯಾವುದಾದರೂ ಟಿಂಕರಿಂಗ್ ಶೆಡ್‌ನಲ್ಲಿ ಅರ್ಧ ದಿನ ಕೂತರೆ ಸಾಕು, ಒಂದು ವಿಷಯ ತಾನಾಗೇ ಗೊತ್ತಾಗುತ್ತದೆ: ಗುದ್ದಿದಾಗ ಆಗದ ಡ್ಯಾಮೇಜ್ ಎಷ್ಟೋ ಸಲ ಎಳೆದಾಗ ಆಗಿರುತ್ತದೆ. ಗುದ್ದುವುದನ್ನು ತಪ್ಪಿಸೋದು ಎಲ್ಲ ಸಲವೂ ನಮ್ಮ ಕೈಲಿರಲ್ಲ. ಆದರೆ ಗಾಡಿ ಎತ್ತುವವರಿಗೆ "ಸ್ವಲ್ಪ ತಡೀರಿ, ಹೀಗೆ ಕಟ್ಟಿ" ಅಂತ ಹೇಳುವುದು ಪೂರ್ತಿ ನಮ್ಮ ಕೈಲಿದೆ. ಈ ಸಲದ ಉತ್ತರಗಳೆಲ್ಲ ಅದರ ಸುತ್ತಲೇ ಇವೆ.

ಪ್ರಶ್ನೆ: ಸಾರ್, ನಮ್ಮ ಭಾವ ಬೆಂಗಳೂರಿಂದ ಬರುವಾಗ ಮದ್ದೂರು ಬೈಪಾಸ್ ಹತ್ತಿರ ಮುಂದಿನ ಗಾಡಿಯವರು ದಿಢೀರ್ ಅಂತ ಬ್ರೇಕ್ ಹಾಕಿದರು. ಇವರ ಕಾರು ಹೋಗಿ ಅದರ ಹಿಂದಕ್ಕೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಬಾನೆಟ್ ಮಡಚಿಕೊಂಡಿತ್ತು, ರೇಡಿಯೇಟರ್ ಒಡೆದಿತ್ತು. ಯಾರೋ ಫೋನ್ ಮಾಡಿ ಕ್ರೇನ್ ಕರೆಸಿದರು. ಬಂದವನು ಮುಂದೆ ಎಲ್ಲೋ ಕೊಕ್ಕೆ ಸಿಕ್ಕಿಸಿ, ಎಕ್ಸಿಟ್ ಸಿಗುವವರೆಗೂ ನೆಲದ ಮೇಲೇ ಎಳೆದುಕೊಂಡು ಹೋದ. ಬಲಗಡೆ ಮುಂದಿನ ಚಕ್ರ ತಿರುಗುತ್ತಲೇ ಇರಲಿಲ್ಲವಂತೆ, ಉಜ್ಜಿಕೊಂಡೇ ಹೋಯಿತಂತೆ. ಈಗ ಲೋಯರ್ ಆರ್ಮ್ (ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳು), ಡ್ರೈವ್ ಶಾಫ್ಟ್ (ಚಕ್ರ ತಿರುಗಿಸುವ ದಂಡ) ಎರಡೂ ಹೋಗಿವೆ, ಇದು ಎಳೆದಾಗ ಆಗಿದ್ದು ಅಂತ ಗ್ಯಾರೇಜಿನವರೇ ಹೇಳುತ್ತಾರೆ. ಡ್ಯಾಮೇಜ್ ಲೆಕ್ಕ ಹಾಕಲು ಬಂದ ಇನ್ಶೂರೆನ್ಸ್ ಸರ್ವೇಯರ್ ಅದನ್ನು ಕ್ಲೇಮಿಗೆ ಸೇರಿಸಲ್ಲ ಅಂದಿದ್ದಾರೆ. ಏನು ಮಾಡಬೇಕಿತ್ತು? ಈಗ ಏನು ಮಾಡಬಹುದು?
– ಓದುಗರು, ಮಂಡ್ಯ

ಉತ್ತರ: ಯಾರಿಗೂ ಏನೂ ಆಗಲಿಲ್ಲ ಅನ್ನೋದೇ ದೊಡ್ಡ ಸಮಾಧಾನ. ಮೊದಲು ಈಗ ಮಾಡಬೇಕಾದ್ದು ಹೇಳುತ್ತೇನೆ, ಯಾಕೆಂದರೆ ತಡ ಮಾಡಿದಷ್ಟೂ ಅದು ಕಷ್ಟ.

ಸರ್ವೇಯರ್ ಬಾಯಿ ಮಾತಲ್ಲಿ ಹೇಳಿದ್ದಕ್ಕೆ ಸುಮ್ನೆ ತಲೆ ಅಲ್ಲಾಡಿಸಿ ಬರಬೇಡಿ. ಯಾವ ಪಾರ್ಟ್, ಯಾವ ಕಾರಣಕ್ಕೆ ಬಿಟ್ಟಿದ್ದೀರಿ ಅಂತ ಬರವಣಿಗೆಯಲ್ಲಿ ಕೇಳಿ. ನಿಮ್ಮ ಪಾಲಿಸಿಯ ಕಾಪಿ ತೆಗೆದು ಓದಿ. ನಮ್ಮ ದೇಶದ ಪ್ಯಾಕೇಜ್ ಪಾಲಿಸಿಗಳಲ್ಲಿ (ಅಂದರೆ ನಮ್ಮ ಕಾರಿನ ಹಾನಿಗೂ ದುಡ್ಡು ಕೊಡುವ ಪಾಲಿಸಿಗಳಲ್ಲಿ) ಯಾವ ಯಾವ ಕಾರಣಕ್ಕೆ ಆದ ನಷ್ಟ ಕೊಡುತ್ತಾರೆ ಅನ್ನುವ ಪಟ್ಟಿ ಇರುತ್ತದೆ. ಅಪಘಾತ, ಬೆಂಕಿ, ಕಳ್ಳತನ, ಪ್ರವಾಹ ಇವುಗಳ ಜೊತೆಗೆ, ಕಾರನ್ನು ರಸ್ತೆ ಅಥವಾ ರೈಲಿನ ಮೂಲಕ ಸಾಗಿಸುವಾಗ ಆದ ನಷ್ಟ ಅನ್ನೋದೂ ಅದರಲ್ಲಿ ಇದೆ. ಇದನ್ನು ಎಷ್ಟೋ ಜನ ನೋಡಿಯೇ ಇರಲ್ಲ. ಆ ಸಾಲನ್ನು ತೋರಿಸಿ, ಎಳೆದಾಗ ಆದದ್ದನ್ನು ಬೇರೆ ಘಟನೆ ಅಂತ ನೋಡುತ್ತೀರಾ ಅಂತ ಕಂಪನಿಗೆ ಕೇಳಿ. ಒಪ್ಪಲಿಲ್ಲ ಅಂದರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ. ಅಲ್ಲಿ ದೂರು ಕೊಡಲು ದುಡ್ಡು ಬೇಡ, ವಕೀಲರೂ ಬೇಡ. ಟೋಯಿಂಗ್ ಮಾಡಿದವರ ಬಿಲ್ ಇದ್ದರೆ ಅವರ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಬಿಲ್ ಇಲ್ಲ ಅಂದರೆ ಫೋನ್‌ಪೇ ಮಾಡಿದ ದಾಖಲೆ ಇದ್ದೇ ಇರುತ್ತಲ್ಲ, ಅದನ್ನು ಇಟ್ಟುಕೊಳ್ಳಿ.

ಇನ್ನು ಏನು ಮಾಡಬೇಕಿತ್ತು ಅನ್ನೋದು. ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಓದಿ ಹೇಳಿ.

ಗುದ್ದಿದ ತಕ್ಷಣ ಇಂಜಿನ್ ಆಫ್. "ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ ಕೀ ತಿರುಗಿಸುವುದು ನಮ್ಮ ಜನರ ಹಳೇ ಚಾಳಿ. ರೇಡಿಯೇಟರ್ ಒಡೆದು ಕೂಲೆಂಟ್ ಸೋರಿದ ಮೇಲೆ ಇಂಜಿನ್ ಓಡಿಸಿದರೆ ಸ್ವಲ್ಪ ಹೊತ್ತಿಗೇ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆ ಖರ್ಚು ನಿಮ್ಮದೇ. ಪಾಲಿಸಿಯಲ್ಲೇ ಸ್ಪಷ್ಟವಾಗಿ ಬರೆದಿದೆ: ಅಪಘಾತ ಆದ ಗಾಡಿಯನ್ನು ರಿಪೇರಿ ಮಾಡಿಸದೆ ಓಡಿಸಿ ಡ್ಯಾಮೇಜ್ ಜಾಸ್ತಿ ಆದರೆ ಅದು ಮಾಲೀಕರ ತಲೆ ಮೇಲೆ. ಗಾಡಿಯನ್ನು ಕಾವಲಿಲ್ಲದೆ, ಮುಂಜಾಗ್ರತೆ ಇಲ್ಲದೆ ಬಿಟ್ಟು ಹೋಗಬಾರದು ಅಂತಲೂ ಅದೇ ಷರತ್ತಿನಲ್ಲಿ ಇದೆ.

ಆಮೇಲೆ ಜನ. ಎಲ್ಲರೂ ಇಳಿದು ಎಡಗಡೆ ಕಂಬಿ ಬೇಲಿಯ ಆಚೆ ಹೋಗಿ ನಿಲ್ಲಬೇಕು. ಕಾರಿನ ಹಿಂದೆ ನಿಂತು ಫೋನಿನಲ್ಲಿ ಮಾತಾಡುವುದು ತುಂಬಾ ಅಪಾಯ. ಈ ಹೆದ್ದಾರಿಯಲ್ಲಿ ಕಾರುಗಳಿಗೆ ಇರುವ ಮಿತಿ ಗಂಟೆಗೆ 100 ಕಿ.ಮೀ. ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು ಕಾರಿನ ಪಕ್ಕದಲ್ಲೇ ಇಟ್ಟರೆ ಹಿಂದಿನವನಿಗೆ ಏನೂ ಪ್ರಯೋಜನ ಇಲ್ಲ. 50 ಮೀಟರ್ ಹಿಂದೆ ಇಟ್ಟರೂ ಅವನಿಗೆ ಸಿಗುವುದು ಎರಡು ಸೆಕೆಂಡು ಕೂಡ ಅಲ್ಲ. ಹೆದ್ದಾರಿಯಲ್ಲಿ 100 ಮೀಟರಿಗೆ ಕಮ್ಮಿ ಇಲ್ಲದಂತೆ ಹಿಂದೆ ಹೋಗಿ ಇಡಿ. ಹೋಗುವಾಗ ಬೇಲಿಯ ಆಚೆಯಿಂದ ಹೋಗಿ, ತ್ರಿಕೋನವನ್ನು ಎದೆಯ ಮುಂದೆ ಹಿಡಿದುಕೊಂಡು ಹೋಗಿ. ಹಜಾರ್ಡ್ ಲೈಟ್ ಹಾಕಿರಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮಾತ್ರ ಯಾವ ಸ್ವಿಚ್ಚೂ ಮುಟ್ಟಬೇಡಿ, ದೂರ ಹೋಗಿ. ಸಿಎನ್‌ಜಿ ಗಾಡಿ ಆದರೆ ಸಿಲಿಂಡರ್ ಹತ್ತಿರದ ವಾಲ್ವ್ ಬಂದ್ ಮಾಡೋದನ್ನು ಮೊದಲೇ ಕಲಿತಿರಬೇಕು.

ಫೋನ್ ಮಾಡಬೇಕಾದ ನಂಬರ್: ಪೆಟ್ಟಾಗಿದ್ದರೆ 112 ಅಥವಾ 108. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ನಿಂತಿದ್ದರೆ 1033. ಹೆದ್ದಾರಿ ಪ್ರಾಧಿಕಾರದ ಗಸ್ತು ಗಾಡಿ, ಕ್ರೇನ್ ಬರುತ್ತವೆ. ಆದರೆ ಒಂದು ವಿಷಯ ನೆನಪಿಡಿ. ಅವರ ಕೆಲಸ ರಸ್ತೆ ಖಾಲಿ ಮಾಡಿಸೋದು. ನಿಮ್ಮ ಕಾರನ್ನು ಪಕ್ಕದ ಸುರಕ್ಷಿತ ಜಾಗಕ್ಕೆ ಸೇರಿಸಿದರೆ ಅವರ ಕೆಲಸ ಮುಗಿಯಿತು. ಅಲ್ಲಿಂದ ಗ್ಯಾರೇಜಿಗೆ ಸಾಗಿಸೋಕೆ ನಿಮ್ಮ ಇನ್ಶೂರೆನ್ಸ್ ಕಂಪನಿಯ ಅಥವಾ ಕಾರಿನ ಕಂಪನಿಯ ರೋಡ್ ಸೈಡ್ ಅಸಿಸ್ಟೆನ್ಸ್ ನಂಬರಿಗೆ ಫೋನ್ ಮಾಡಬೇಕು. ಊರಿನ ಮೆಕ್ಯಾನಿಕ್ ಹುಡುಗ ಸ್ಕೂಟರ್ ಹತ್ತಿ ಬರುತ್ತಾನೆ, ಗೌಡರ ಟ್ರ್ಯಾಕ್ಟರ್ ಬರುತ್ತದೆ ಅನ್ನುವ ಲೆಕ್ಕ ಅಲ್ಲಿ ನಡೆಯಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಯಾವುದಕ್ಕೂ ಪ್ರವೇಶ ಇಲ್ಲ, ಅವು ಸರ್ವಿಸ್ ರಸ್ತೆಯಲ್ಲೇ ಬರಬೇಕು.

ಈಗ ಗಾಡಿ ಎತ್ತುವ ಹೊತ್ತು. ಇಲ್ಲಿ ದಯವಿಟ್ಟು ಪಕ್ಕದಲ್ಲೇ ನಿಲ್ಲಿ, ಫೋನ್ ಕೈಯಲ್ಲಿರಲಿ. ಎತ್ತುವ ಮುಂಚೆ ಕಾರಿನ ನಾಲ್ಕೂ ಕಡೆ, ನಂಬರ್ ಪ್ಲೇಟ್ ಕಾಣುವಂತೆ ಫೋಟೋ ತೆಗೆಯಿರಿ. ಬಗ್ಗಿ ಕೆಳಗಡೆಯದೂ ತೆಗೆಯಿರಿ, ಚಕ್ರಗಳದ್ದು ಒಂದೊಂದಾಗಿ ತೆಗೆಯಿರಿ. ನಿಮ್ಮ ಭಾವನವರ ಹತ್ತಿರ ಆ ಬಲಗಡೆ ಚಕ್ರದ ಫೋಟೋ ಎಳೆಯುವ ಮುಂಚಿನದ್ದು ಇದ್ದಿದ್ದರೆ ಈಗಿನ ಅರ್ಧ ಜಗಳ ಇರುತ್ತಲೇ ಇರಲಿಲ್ಲ. ಇದ್ದರೆ ಈಗಲೇ ಹುಡುಕಿ ಕೊಡಲು ಹೇಳಿ.

ಚಕ್ರ ತಿರುಗುತ್ತಾ ಅಂತ ನೋಡಿ. ಮಡ್‌ಗಾರ್ಡ್ ಒಳಕ್ಕೆ ಬಾಗಿ ಟೈರಿಗೆ ಒತ್ತಿಕೊಂಡಿದ್ದರೆ ಅದನ್ನು ಮೊದಲು ಹೊರಕ್ಕೆ ಎಳೆದು ಬಿಡಿಸಬೇಕು. ಚಕ್ರವೇ ವಾಲಿಕೊಂಡಿದ್ದರೆ, ಅಂದರೆ ಎದುರಿಂದ ನೋಡಿದಾಗ ಒಂದು ಚಕ್ರ ನೆಟ್ಟಗೆ, ಇನ್ನೊಂದು ಓರೆ ಕಾಣಿಸಿದರೆ, ಆ ಕಾರನ್ನು ನೆಲದ ಮೇಲೆ ಒಂದು ಮಾರು ಕೂಡ ಎಳೆಯಬಾರದು. ಆ ಚಕ್ರದ ಕೆಳಗೆ ಸಣ್ಣ ಗಾಲಿಯ ಟ್ರಾಲಿ ಕೊಟ್ಟು ಫ್ಲ್ಯಾಟ್‌ಬೆಡ್ (ಇಡೀ ಕಾರನ್ನು ಹೊತ್ತು ಒಯ್ಯುವ ಚಪ್ಪಟೆ ಲಾರಿ) ಮೇಲೆ ಹತ್ತಿಸಬೇಕು. ಅಥವಾ ಬೆಲ್ಟ್ ಹಾಕಿ ಪೂರ್ತಿ ಎತ್ತಿ ಇಡಬೇಕು. ಅದಕ್ಕೇ ಫೋನ್ ಮಾಡುವಾಗಲೇ "ಮುಂದಿನ ಚಕ್ರ ತಿರುಗುತ್ತಿಲ್ಲ, ಫ್ಲ್ಯಾಟ್‌ಬೆಡ್ ಕಳಿಸಿ" ಅಂತ ಹೇಳೋದು. "ಕಾರ್ ಆಕ್ಸಿಡೆಂಟ್ ಆಗಿದೆ ಬನ್ನಿ" ಅಂತ ಮಾತ್ರ ಹೇಳಿದರೆ ಅವರ ಹತ್ತಿರ ಯಾವ ಗಾಡಿ ಖಾಲಿ ಇದೆಯೋ ಅದೇ ಬರುತ್ತದೆ.

ಕೊಕ್ಕೆ ಎಲ್ಲಿ ಹಾಕುತ್ತಾರೆ ನೋಡಿ. ಬಂಪರಿಗಲ್ಲ, ಲೋಯರ್ ಆರ್ಮಿಗಲ್ಲ, ಸ್ಟೀರಿಂಗ್ ರಾಡಿಗಂತೂ ಅಲ್ಲವೇ ಅಲ್ಲ. ಕಾರಿನ ಜೊತೆ ಕಂಪನಿಯವರೇ ಒಂದು ಟೋಯಿಂಗ್ ಹುಕ್ ಕೊಟ್ಟಿರುತ್ತಾರೆ. ಒಂದು ತುದಿಯಲ್ಲಿ ಮರೆ (ಸ್ಕ್ರೂವಿನಲ್ಲಿರುವಂಥ ಸುತ್ತು ಗೆರೆ) ಇರುವ, ಇನ್ನೊಂದು ತುದಿಯಲ್ಲಿ ಬಳೆಯಂತೆ ದುಂಡಗಿರುವ ದಪ್ಪ ಕಬ್ಬಿಣ. ಜ್ಯಾಕ್, ಸ್ಪ್ಯಾನರ್ ಇಡುವ ಜಾಗದಲ್ಲೇ, ಸ್ಟೆಪ್ನಿ ಹತ್ತಿರ ಇರುತ್ತದೆ. ಬಂಪರಿನಲ್ಲಿ ಒಂದು ಸಣ್ಣ ಮುಚ್ಚಳ ಇದೆ, ಅದನ್ನು ಕಿತ್ತರೆ ಒಳಗೆ ಮರೆ ಕಾಣಿಸುತ್ತದೆ. ಅದಕ್ಕೆ ಈ ಹುಕ್ಕನ್ನು ಪೂರ್ತಿ, ಇನ್ನು ತಿರುಗಲ್ಲ ಅನ್ನುವವರೆಗೂ ಬಿಗಿ ಮಾಡಬೇಕು. ಅರ್ಧ ತಿರುಗಿಸಿ ಎಳೆದರೆ ಮರೆ ಕಿತ್ತು ಬರುತ್ತದೆ. ಕೆಲವು ಕಾರುಗಳಲ್ಲಿ ಮರೆ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಮಾತ್ರ ಬಿಗಿಯಾಗುತ್ತದೆ. ಮುಂಭಾಗ ಪೂರ್ತಿ ಜಜ್ಜಿ ಹೋಗಿದ್ದರೆ ಹಿಂದಿನ ಕಡೆಯಿಂದ ಹತ್ತಿಸಲಿ.

ಮೇಲೆ ಹತ್ತಿಸಿದ ಮೇಲೆ ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ನಾಲ್ಕೂ ಚಕ್ರಕ್ಕೆ ಬೆಲ್ಟ್ ಹಾಕಿಸಿ. ಬರೀ ಮುಂದಿನ ಕೇಬಲ್ ಮೇಲೆ ನಂಬಿಕೆ ಇಟ್ಟು ಹೊರಡುವವರು ಇದ್ದಾರೆ, ಒಪ್ಪಬೇಡಿ. ಬಾನೆಟ್ ಲಾಕ್ ಮುರಿದಿದ್ದರೆ ಹಗ್ಗದಲ್ಲಿ ಕಟ್ಟಿ, ಇಲ್ಲವಾದರೆ ಗಾಳಿಗೆ ಎದ್ದು ಮುಂದಿನ ಗಾಜಿಗೆ ಬಡಿಯುತ್ತದೆ. ಒಡೆದ ಗಾಜಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಉದುರಿದ ಬಂಪರ್, ಲೈಟಿನ ತುಂಡು ಏನನ್ನೂ ರಸ್ತೆಯಲ್ಲಿ ಬಿಡಬೇಡಿ, ಡಿಕ್ಕಿಗೆ ಹಾಕಿ. ಸರ್ವೇಯರ್ ಕೇಳುತ್ತಾರೆ.

ಪ್ರಶ್ನೆ: ಇಲವಾಲದ ಹತ್ತಿರ ನನ್ನ ಕಾರು ಡಿವೈಡರಿಗೆ ಗುದ್ದಿತು. ಸ್ನೇಹಿತನ ಬೊಲೆರೊಗೆ ಹಗ್ಗ ಕಟ್ಟಿ ಮೈಸೂರಿನ ಹೆಬ್ಬಾಳದ ಗ್ಯಾರೇಜ್‌ವರೆಗೂ ಎಳೆದುಕೊಂಡು ಬಂದೆವು, ಏನೂ ತೊಂದರೆ ಆಗಲಿಲ್ಲ. ಆದರೆ ಮನೆಯಲ್ಲಿ ಇದು ಕಾನೂನಿಗೆ ವಿರುದ್ಧ ಅಂತಾರೆ. ನಿಜಾನಾ?
– ಓದುಗರು, ಮೈಸೂರು

ಉತ್ತರ: ಕೆಟ್ಟು ನಿಂತ ಗಾಡಿಯನ್ನು ಇನ್ನೊಂದು ಗಾಡಿಯಿಂದ ಎಳೆಯಲೇಬಾರದು ಅಂತ ಕಾನೂನು ಹೇಳಲ್ಲ. ಆದರೆ ಷರತ್ತು ಇದೆ. ಎರಡು ಗಾಡಿಗಳ ನಡುವಿನ ಅಂತರ 5 ಮೀಟರ್ ಮೀರಬಾರದು. ವೇಗ ಗಂಟೆಗೆ 25 ಕಿ.ಮೀ. ದಾಟಬಾರದು. ಎಳೆಸಿಕೊಳ್ಳುವ ಗಾಡಿಯ ಸ್ಟೀರಿಂಗ್ ಹಿಂದೆ ಲೈಸೆನ್ಸ್ ಇರುವವರೇ ಕೂತಿರಬೇಕು. ಹಗ್ಗವೋ ಚೈನೋ ಬೇರೆಯವರಿಗೆ ಚೆನ್ನಾಗಿ ಕಾಣಬೇಕು. ಹಿಂದೆ ಬಿಳಿ ಬೋರ್ಡಿನಲ್ಲಿ ಕಪ್ಪು ಅಕ್ಷರದಲ್ಲಿ 'ಆನ್ ಟೋ' ಅಂತ ಬರೆದು ಹಾಕಿರಬೇಕು.

ಕಾನೂನು ಆ ಕಡೆ ಇರಲಿ. ಗುದ್ದಿದ ಕಾರಿಗೆ ಹಗ್ಗ ಕಟ್ಟುವುದು ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಬ್ಯಾಟರಿ ಇಳಿದು ನಿಂತ ಕಾರು ಬೇರೆ, ಗುದ್ದಿದ ಕಾರು ಬೇರೆ. ಇಂಜಿನ್ ಆಫ್ ಆಗಿರುವಾಗ ಪವರ್ ಸ್ಟೀರಿಂಗ್ ಇರಲ್ಲ, ಸ್ಟೀರಿಂಗ್ ಕಲ್ಲಿನಂತೆ ಗಟ್ಟಿ. ಬ್ರೇಕ್ ಎರಡು ಮೂರು ಸಲ ಒತ್ತುವವರೆಗೂ ಸರಿಯಾಗಿ ಹಿಡಿಯುತ್ತದೆ, ಆಮೇಲೆ ಎರಡು ಕಾಲು ಕೊಟ್ಟು ಒತ್ತಿದರೂ ಅರ್ಧಂಬರ್ಧ. ಕೀ ಪೂರ್ತಿ ತೆಗೆದಿದ್ದರೆ ಸ್ಟೀರಿಂಗ್ ಲಾಕೇ ಆಗಿಬಿಡಬಹುದು. ಇದರ ಜೊತೆ ಗುದ್ದಿದ ಏಟಿಗೆ ಟೈ ರಾಡ್ ಬಾಗಿದೆಯೋ, ಬ್ರೇಕ್ ಪೈಪ್ ಸೀಳಿದೆಯೋ ಹೊರಗಿನಿಂದ ಗೊತ್ತಾಗಲ್ಲ. ಇಂಥ ಕಾರನ್ನು ಸಂಜೆ ಹೊತ್ತು, ಕಂಪನಿ ಬಸ್ಸುಗಳು ಬಿಡುವ ಸಮಯದಲ್ಲಿ, ರಿಂಗ್ ರಸ್ತೆಯಲ್ಲಿ 5 ಮೀಟರ್ ಹಗ್ಗದಲ್ಲಿ ತರುವಾಗ ಬೊಲೆರೊ ಒಂದು ಸಲ ಬ್ರೇಕ್ ಹಾಕಿದರೆ ಸಾಕು, ಅದರ ಹಿಂದಕ್ಕೆ ಹೋಗಿ ಸೇರುತ್ತೀರಿ. ಏನೂ ಆಗಲಿಲ್ಲ ಅಂದಿದ್ದೀರಿ, ಒಳ್ಳೆಯದಾಯಿತು. ಇನ್ನೊಂದು ಸಲ ಆ ಧೈರ್ಯ ಮಾಡಬೇಡಿ.

ಇನ್ಶೂರೆನ್ಸ್ ಲೆಕ್ಕವನ್ನೂ ಕೇಳಿ. ನಿಮ್ಮ ಸ್ನೇಹಿತರು ದುಡ್ಡು ತೆಗೆದುಕೊಳ್ಳದೆ ಎಳೆದರೆ ಅವರ ಪಾಲಿಸಿ ಚಾಲ್ತಿಯಲ್ಲೇ ಇರುತ್ತದೆ, ದಾರಿಯಲ್ಲಿ ಮೂರನೆಯವರಿಗೆ ಹಾನಿ ಆದರೆ ಅದು ನೋಡಿಕೊಳ್ಳುತ್ತದೆ. ಆದರೆ ಎಳೆಸಿಕೊಂಡ ನಿಮ್ಮ ಕಾರಿಗೆ ಆದ ಹಾನಿಗೆ ಅವರ ಪಾಲಿಸಿಯಿಂದ ಒಂದು ರೂಪಾಯಿಯೂ ಬರಲ್ಲ. "ಡೀಸೆಲ್‌ಗೆ ಇಟ್ಟುಕೋ" ಅಂತ ಬಾಡಿಗೆ ಥರ ದುಡ್ಡು ಕೊಟ್ಟರೆ ಆ ರಕ್ಷಣೆಯೂ ಕೈತಪ್ಪಬಹುದು.

ಹಗ್ಗ ಬಳಸುವ ಸಂದರ್ಭ ಒಂದೇ. ಕಾರು ರಸ್ತೆ ಮಧ್ಯೆ ನಿಂತಿದೆ, ಚಕ್ರ ತಿರುಗುತ್ತಿದೆ, ಪಕ್ಕಕ್ಕೆ ತಂದರೆ ಸಾಕು ಅನ್ನುವಾಗ. ಅದೂ ನಿಧಾನಕ್ಕೆ, ಜಗ್ಗದೆ. ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ. ಟ್ರ್ಯಾಕ್ಟರಿನಲ್ಲಿ ಎಳೆಯುವಾಗ ಇನ್ನೂ ಹುಷಾರು. ಅದರ ಶಕ್ತಿಗೆ ಕಾರಿನ ಹುಕ್ ಕಿತ್ತು ಬರುವುದು ದೊಡ್ಡ ಮಾತಲ್ಲ.

ಪ್ರಶ್ನೆ: ನಮ್ಮದು ಆಟೊಮ್ಯಾಟಿಕ್ ಕಾರು. ಮಗನದು ಎಲೆಕ್ಟ್ರಿಕ್. ಇವನ್ನು ಮುಂದಿನ ಚಕ್ರ ಎತ್ತಿ ಎಳೆಯಬಹುದಾ ಅಥವಾ ಫ್ಲ್ಯಾಟ್‌ಬೆಡ್ಡೇ ಬೇಕಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಎಲೆಕ್ಟ್ರಿಕ್‌ಗೆ ಫ್ಲ್ಯಾಟ್‌ಬೆಡ್ಡೇ ಬೇಕು. ಮೋಟಾರಿಗೆ ಸೇರಿದ ಚಕ್ರ ನೆಲದ ಮೇಲೆ ತಿರುಗಿದರೆ ಮೋಟಾರ್ ಕರೆಂಟ್ ಉತ್ಪಾದಿಸೋಕೆ ಶುರು ಮಾಡುತ್ತದೆ, ಅದರಿಂದ ಒಳಗಿನ ಭಾಗ ಸುಡಬಹುದು. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಎಲ್ಲಾದರೂ ಹೊರಗೆ ಕಾಣಿಸಿದರೆ ಮುಟ್ಟಲೇಬೇಡಿ, ಎತ್ತಲು ಬಂದವರಿಗೂ ತೋರಿಸಿ ಹೇಳಿ. ಕೆಳಗಿನಿಂದ ಏಟು ಬಿದ್ದಿದ್ದರೆ, ಕಲ್ಲೋ ಡಿವೈಡರೋ ಬ್ಯಾಟರಿಗೆ ತಗುಲಿದ್ದರೆ, ಆಗ ಹೊಗೆ ಬರಲಿಲ್ಲ ಅಂತ ನಿರಾಳ ಆಗಬೇಡಿ. ಏಟು ತಿಂದ ಬ್ಯಾಟರಿ ಗಂಟೆಗಳು, ಒಮ್ಮೊಮ್ಮೆ ದಿನಗಳು ಕಳೆದ ಮೇಲೆ ಹೊತ್ತಿಕೊಳ್ಳುವುದುಂಟು. ಅಂಥ ಕಾರನ್ನು ಮನೆಯ ಪೋರ್ಟಿಕೋದಲ್ಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ತಂದು ನಿಲ್ಲಿಸಬೇಡಿ. ಬಯಲಿನಲ್ಲಿ, ಬೇರೆ ಗಾಡಿ ಮತ್ತು ಕಟ್ಟಡದಿಂದ 15 ಮೀಟರಾದರೂ ದೂರ ಇರಲಿ.

ಆಟೊಮ್ಯಾಟಿಕ್ ಅಂದರೆ ಎಲ್ಲವೂ ಒಂದೇ ಅಲ್ಲ. ಟಾರ್ಕ್ ಕನ್ವರ್ಟರ್, ಸಿವಿಟಿ ಅನ್ನುವ ಎರಡು ಬಗೆಯ ಗೇರ್‌ಬಾಕ್ಸ್‌ಗಳಿಗೆ ಆಯಿಲ್ ತಳ್ಳುವ ಪಂಪ್ ಸಾಮಾನ್ಯವಾಗಿ ಇಂಜಿನ್ನಿನಿಂದ ಓಡುತ್ತದೆ. ಇಂಜಿನ್ ನಿಂತಿದ್ದು ಚಕ್ರ ಮಾತ್ರ ತಿರುಗಿದರೆ ಗೇರ್‌ಬಾಕ್ಸ್ ಆಯಿಲ್ ಇಲ್ಲದೆ ತಿರುಗಿ ಹಾಳಾಗುತ್ತದೆ. ಎಎಂಟಿ (ಮ್ಯಾನ್ಯುವಲ್ ಗೇರನ್ನೇ ಯಂತ್ರ ಬದಲಿಸುವ ಬಗೆ) ಇರುವ ಸಣ್ಣ ಕಾರುಗಳು ಒಳಗಡೆ ಮ್ಯಾನ್ಯುವಲ್ಲೇ, ನ್ಯೂಟ್ರಲ್‌ನಲ್ಲಿದ್ದರೆ ಅಷ್ಟು ಭಯ ಇಲ್ಲ. ಆದರೆ ಗುದ್ದಿ ಬ್ಯಾಟರಿ ಕನೆಕ್ಷನ್ ಹೋಗಿದ್ದರೆ ಅದು ಗೇರಿನಲ್ಲೇ ಸಿಕ್ಕಿಕೊಂಡಿರಬಹುದು.

ಚಕ್ರ ಎತ್ತುವ ಲೆಕ್ಕ ಹೀಗೆ: ಇಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೋ ಆ ಚಕ್ರ ನೆಲದಿಂದ ಮೇಲಿರಬೇಕು. ನಮ್ಮಲ್ಲಿನ ಸಣ್ಣ ಕಾರುಗಳಲ್ಲಿ ಬಹುತೇಕ ಎಲ್ಲದಕ್ಕೂ ಮುಂದಿನ ಚಕ್ರ. ಓಮ್ನಿ, ಬೊಲೆರೊ ಥರದವಕ್ಕೆ ಹಿಂದಿನದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗೆ ಫ್ಲ್ಯಾಟ್‌ಬೆಡ್ ಬಿಟ್ಟು ಬೇರೆ ದಾರಿ ಇಲ್ಲ. ಹ್ಯಾಂಡ್ ಬ್ರೇಕ್ ಬಟನ್ನಿನಲ್ಲಿದ್ದರೆ ಬ್ಯಾಟರಿ ತೆಗೆಯುವ ಮುಂಚೆ ಅದನ್ನು ಬಿಡಿಸಿಕೊಳ್ಳಿ, ಆಮೇಲೆ ಬಿಡಲ್ಲ.

ಪ್ರಶ್ನೆ: ಪಾಂಡವಪುರ ರಸ್ತೆಯಲ್ಲಿ ರಾತ್ರಿ ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ನಮ್ಮ ಕಾರು ಗುದ್ದಿ ನಮ್ಮ ಅತ್ತೆಯವರ ಕೈ ಮುರಿದಿದೆ. ಕಾರು ಸ್ಟೇಷನ್ ಮುಂದೆ ನಿಂತಿದೆ. ಪೊಲೀಸರು ಬರುವ ಮುಂಚೆ ಕಾರು ತೆಗೆಯಬಹುದಿತ್ತಾ?
– ಓದುಗರು, ಪಾಂಡವಪುರ

ಉತ್ತರ: ಅತ್ತೆಯವರು ಬೇಗ ಚೇತರಿಸಿಕೊಳ್ಳಲಿ. ಕಬ್ಬು ಕಡಿಯುವ ದಿನಗಳಲ್ಲಿ ಆ ಟ್ರೇಲರುಗಳ ಹಿಂದೆ ಒಂದು ರಿಫ್ಲೆಕ್ಟರ್ ಪಟ್ಟಿಯಾದರೂ ಅಂಟಿಸಿ ಅಂತ ಕಾರ್ಖಾನೆಯವರು, ರೈತರು, ಪೊಲೀಸರು ಎಲ್ಲರೂ ಸೇರಿ ಹಟ ಹಿಡಿಯಬೇಕು. ನಾಲ್ಕು ಬೆರಳಿನಷ್ಟು ಅಗಲದ ಪಟ್ಟಿ ಒಂದು ಜೀವ ಉಳಿಸುತ್ತದೆ.

ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲ ಕೆಲಸ ಆಸ್ಪತ್ರೆ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಡ್ರೈವರ್ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಪೊಲೀಸರಿಗೆ ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಬೇಕು. ಕಾರನ್ನು ಮಾತ್ರ ಪೊಲೀಸರು ಹೇಳುವವರೆಗೂ ಕದಲಿಸದೆ ಇರುವುದೇ ಒಳ್ಳೆಯದು. ಒಳಗೆ ಸಿಕ್ಕಿಕೊಂಡವರನ್ನು ತೆಗೆಯೋಕೆ ಅಥವಾ ಇನ್ನೊಂದು ಅಪಘಾತ ತಪ್ಪಿಸೋಕೆ ಸರಿಸಬೇಕಾಗಿ ಬಂದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ. ಜೀವ ಮೊದಲು. ಸಾಧ್ಯವಾದರೆ ಸರಿಸುವ ಮುಂಚೆ ಎರಡು ಫೋಟೋ. ಸಹಾಯಕ್ಕೆ ಬಂದ ದಾರಿಹೋಕರಿಗೆ 2019ರ ತಿದ್ದುಪಡಿಯಲ್ಲಿ ಕಾನೂನಿನ ರಕ್ಷಣೆ ಇದೆ, "ನಮಗ್ಯಾಕೆ ಕೋರ್ಟ್ ಕಚೇರಿ" ಅಂತ ಅವರು ಹಿಂಜರಿಯಬೇಕಿಲ್ಲ.

ಈಗ ನಿಮ್ಮ ಕಾರನ್ನು ಮೋಟಾರು ವಾಹನ ಇನ್‌ಸ್ಪೆಕ್ಟರ್ ನೋಡಿ ವರದಿ ಕೊಡುವವರೆಗೂ ರಿಪೇರಿ ಮಾಡಿಸುವ ಹಾಗಿಲ್ಲ. ಸ್ಟೇಷನ್ನಿಗೆ ಹೋಗಿ ಆ ಪರಿಶೀಲನೆ ಆಗಿದೆಯಾ ಅಂತ ಕೇಳಿ. ಆರ್‌ಸಿ, ಇನ್ಶೂರೆನ್ಸ್, ಲೈಸೆನ್ಸ್, ಎಮಿಷನ್ ಎಲ್ಲದರ ಕಾಪಿ ಒಯ್ಯಿರಿ. ಬಿಡುಗಡೆಗೆ ಕೋರ್ಟಿಗೆ ಅರ್ಜಿ ಹಾಕಬೇಕು ಅಂದರೆ ವಕೀಲರ ಮೂಲಕ ಹಾಕಿಸಿ. ಅಷ್ಟರಲ್ಲಿ, ಪೊಲೀಸರ ಒಪ್ಪಿಗೆ ಪಡೆದು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಸಿ, ಒಳಗಿನ ಬೆಲೆಬಾಳುವ ವಸ್ತು ತನ್ನಿ, ಕಾರಿಗೆ ಟಾರ್ಪಾಲು ಹೊದಿಸಿ. ಮಳೆ ನೀರು ಒಳಗೆ ಹೋದರೆ ವೈರಿಂಗ್ ಪೂರ್ತಿ ಹಾಳು. ಅಲ್ಲಿಂದ ಗ್ಯಾರೇಜಿಗೂ ಫ್ಲ್ಯಾಟ್‌ಬೆಡ್ಡಿನಲ್ಲೇ ತನ್ನಿ, ಓಡಿಸಿಕೊಂಡು ಬರಬೇಡಿ.

ಪ್ರಶ್ನೆ: ಟೋಯಿಂಗ್ ಬಿಲ್ ಪೂರ್ತಿ ಇನ್ಶೂರೆನ್ಸ್‌ನವರು ಕೊಡಲ್ವಾ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಮಾಮೂಲಿ ಪ್ಯಾಕೇಜ್ ಪಾಲಿಸಿಯಲ್ಲಿ ಖಾಸಗಿ ಕಾರಿಗೆ ಕೊಡೋದು ಒಂದು ಅಪಘಾತಕ್ಕೆ ಹೆಚ್ಚೆಂದರೆ 1,500 ರೂಪಾಯಿ. ಗಾಡಿ ಕಾಯೋದು, ಹತ್ತಿರದ ರಿಪೇರಿ ಅಂಗಡಿಗೆ ಸಾಗಿಸೋದು, ವಾಪಸ್ ತಲುಪಿಸೋದು ಎಲ್ಲ ಸೇರಿ. ಈಗಿನ ಕಾಲಕ್ಕೆ ಇದು ಏನೇನೂ ಸಾಲಲ್ಲ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಅದೂ ಇಲ್ಲ. ಅದಕ್ಕೇ ರೋಡ್ ಸೈಡ್ ಅಸಿಸ್ಟೆನ್ಸ್ ಆಡ್-ಆನ್ (ಪಾಲಿಸಿಗೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ತೆಗೆದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು. ಬೇರೆ ಆಡ್-ಆನ್‌ಗಳ ಮುಂದೆ ಅದರ ಪ್ರೀಮಿಯಂ ಕಮ್ಮಿ. ಎಷ್ಟು ಕಿಲೋಮೀಟರ್‌ವರೆಗೆ ಉಚಿತ, ಅಪಘಾತ ಆದರೂ ಬರುತ್ತಾರಾ ಅಥವಾ ಬರೀ ಬ್ರೇಕ್‌ಡೌನ್‌ಗಾ, ಇವೆರಡನ್ನೂ ಕೇಳಿಯೇ ದುಡ್ಡು ಕಟ್ಟಿ.

ನೀವು ಕರೆಯದೆ ತಾವಾಗೇ ಬಂದು ನಿಂತ ಕ್ರೇನಿನವರು "ನಮಗೆ ಗೊತ್ತಿರುವ ಗ್ಯಾರೇಜ್ ಇದೆ, ಅಲ್ಲಿಗೇ ಹಾಕೋಣ" ಅಂದರೆ ಒಪ್ಪಬೇಡಿ. ನಿಮ್ಮ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಆ ಗ್ಯಾರೇಜ್ ಇಲ್ಲದಿದ್ದರೆ ಮತ್ತೆ ಅಲ್ಲಿಂದ ಇನ್ನೊಂದು ಕಡೆ ಸಾಗಿಸುವ ಖರ್ಚು ನಿಮ್ಮದೇ. ಎಷ್ಟು ದುಡ್ಡು, ಎಲ್ಲಿಗೆ, ಕಾಯುವ ಚಾರ್ಜ್ ಇದೆಯಾ ಅನ್ನೋದನ್ನು ಕೊಕ್ಕೆ ಹಾಕುವ ಮುಂಚೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ನಾಲೆಗೆ, ಗದ್ದೆಗೆ ಬಿದ್ದ ಕಾರನ್ನು ಜೆಸಿಬಿಯಲ್ಲಿ ಎತ್ತಿಸಬಹುದಾ?
– ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ಒಳಗೆ ಜನ ಇದ್ದರೆ ಏನು ಸಿಗುತ್ತೋ ಅದರಲ್ಲಿ, ಒಂದು ಕ್ಷಣವೂ ಕಾಯದೆ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಓಡಾಡುವವರಿಗೆ ಆ ಭಯ ಏನು ಅಂತ ಗೊತ್ತು. 112ಕ್ಕೆ ಫೋನ್ ಮಾಡಿದರೆ ಅಗ್ನಿಶಾಮಕ ದಳದವರೂ ಬರುತ್ತಾರೆ.

ಜನ ಎಲ್ಲ ಹೊರಗೆ ಬಂದಾಗಿದೆ, ಕಾರು ಮಾತ್ರ ಅಂದರೆ ಅವಸರ ಬೇಡ. ಜೆಸಿಬಿಯ ಬಕೆಟ್ ಹಲ್ಲಿನಿಂದ ಎತ್ತಿದರೆ ಕಾರಿನ ತಳ ಹರಿದು ಹೋಗುತ್ತದೆ. ಅಗಲದ ಬೆಲ್ಟ್ ಇರುವ ಕ್ರೇನ್ ಕರೆಸಿ. ನೀರಿಗೆ ಬಿದ್ದ ಕಾರನ್ನು ಮೇಲೆ ತಂದ ಮೇಲೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿನೊಳಗೆ ನೀರಿದ್ದರೆ ಪಿಸ್ಟನ್ ಒತ್ತಿದಾಗ ಅದು ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜಿನ್ ಪ್ರೊಟೆಕ್ಷನ್ ಆಡ್-ಆನ್ ಇಲ್ಲದವರಿಗೆ ಆ ದುಡ್ಡು ಸಿಗೋದು ಬಹಳ ಕಷ್ಟ.

ಪ್ರಶ್ನೆ: ನಾನು ನಂಜನಗೂಡಿನಲ್ಲಿ ಕೆಲಸ ಮಾಡುತ್ತೇನೆ, ರಾತ್ರಿ ಮೈಸೂರಿಗೆ ಒಬ್ಬಳೇ ಕಾರಿನಲ್ಲಿ ಬರುತ್ತೇನೆ. ಹೀಗೇನಾದರೂ ಆದರೆ ಟೋಯಿಂಗ್ ಗಾಡಿಯಲ್ಲೇ ಕೂತು ಬರಬೇಕಾ? ಕಾರಿನೊಳಗೇ ಕೂರಬಹುದಾ?
– ಓದುಗರು, ಮೈಸೂರು

ಉತ್ತರ: ಮೇಡಂ, ಫ್ಲ್ಯಾಟ್‌ಬೆಡ್ ಮೇಲಿರುವ ಕಾರಿನೊಳಗೆ ಯಾರೂ ಕೂರಬಾರದು, ಐದು ನಿಮಿಷದ ದಾರಿ ಆದರೂ ಸರಿ. ಕ್ಯಾಬಿನ್ನಿನಲ್ಲಿ ಸೀಟ್ ಬೆಲ್ಟ್ ಇರುವ ಸೀಟಿದ್ದು, ನಿಮಗೂ ಧೈರ್ಯ ಇದ್ದರೆ ಕೂರಬಹುದು. ಕೂರಲೇಬೇಕು ಅಂತ ಏನೂ ಇಲ್ಲ. ಮನೆಯವರು ಅಥವಾ ಸಹೋದ್ಯೋಗಿ ಬರುವವರೆಗೂ ಬೆಳಕಿರುವ ಜಾಗದಲ್ಲಿ, ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ ಕಾಯಿರಿ. ಜಾಗ ಸರಿ ಅನಿಸದಿದ್ದರೆ 112ಕ್ಕೆ ಫೋನ್ ಮಾಡಿ, ಗಸ್ತು ಪೊಲೀಸರು ಬರಲಿ ಅಂತ ಕೇಳಿ. ಅದಕ್ಕೆ ಸಂಕೋಚ ಬೇಡ.

ಟೋಯಿಂಗ್ ಗಾಡಿ ಬಂದಾಗ ಅದರ ನಂಬರ್ ಪ್ಲೇಟ್ ಫೋಟೋ ತೆಗೆದು ಮನೆಗೆ ಕಳಿಸಿ. ನಿಮ್ಮ ಅಸಿಸ್ಟೆನ್ಸ್ ಕಂಪನಿ ಕಳಿಸಿದ ಮೆಸೇಜಿನಲ್ಲಿ ಇರುವ ನಂಬರೂ ಇದೂ ಒಂದೇನಾ ನೋಡಿ. ಕೀ ಕೊಡುವಾಗ ಕಾರಿನ ಕೀ ಮಾತ್ರ ಕೊಡಿ, ಮನೆ ಕೀ ಬಿಡಿಸಿಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿರುವ ಆರ್‌ಸಿಯನ್ನೂ ತೆಗೆದುಕೊಳ್ಳಿ. ರಾತ್ರಿ ಗ್ಯಾರೇಜ್ ಮುಚ್ಚಿರುತ್ತದೆ, ಆದ್ದರಿಂದ ಬೆಳಗಿನವರೆಗೂ ಕಾರು ಎಲ್ಲಿ ನಿಲ್ಲುತ್ತದೆ ಅಂತ ಹೊರಡುವ ಮುಂಚೆಯೇ ಕೇಳಿ. ಗೇಟಿರುವ ಯಾರ್ಡ್ ಆದರೆ ಸರಿ, ರಸ್ತೆ ಬದಿ ಅಂದರೆ ನಿಮ್ಮ ಮನೆ ಮುಂದೆಯೇ ಇಳಿಸಲು ಹೇಳಿ. ಬೆಳಗ್ಗೆ ಇನ್ನೊಂದು ಸಲ ಸಾಗಿಸಲು ಅಸಿಸ್ಟೆನ್ಸ್‌ನಲ್ಲಿ ಅವಕಾಶ ಇದೆಯಾ ಅಂತ ಅದೇ ಕರೆಯಲ್ಲಿ ಕೇಳಿಬಿಡಿ. ಇಳಿಸಿದ ಮೇಲೆ ಕಾರಿನ ಸುತ್ತ ಮತ್ತೊಮ್ಮೆ ಫೋಟೋ ತೆಗೆದು, ಅದರ ನಂತರ ಅವರ ಚೀಟಿಗೆ ಸಹಿ ಹಾಕಿ.